ಹಾರಾಟದ ಹೊತ್ತಿಗೆ ಘಾಟಿಯ ಹೊತ್ತೂ ಸೇರಲಿ

ಸಂಪಾದಕರಿಗೆ ನಮಸ್ಕಾರ,

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಮೊಬೈಲಿನಲ್ಲಿ ನೋಡಿ, ಅದನ್ನೇ ನಂಬಿ ಕೊಡಗಿನಿಂದ ಹೊರಡುವವರು ಬಹಳ ಮಂದಿ. ಅಲ್ಲಿ ಸಿಗುವುದು ನೇರ ಗೆರೆಯ ಅಳತೆ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣದಿಂದ ಕಣ್ಣೂರಿಗೆ ಅದು ಸುಮಾರು 275 ಕಿ.ಮೀ., ಮಂಗಳೂರಿಗೆ ಸುಮಾರು 305 ಕಿ.ಮೀ. ಗಂಟೆಗೆ 800 ಕಿ.ಮೀ. ಎಂದು ಭಾಗಿಸಿದರೆ ಇಪ್ಪತ್ತು ನಿಮಿಷ ಚಿಲ್ಲರೆ. ವೇಳಾಪಟ್ಟಿಯಲ್ಲಿ ಇರುವುದು ಒಂದು ಗಂಟೆಯ ಆಸುಪಾಸು.

ಇದರಲ್ಲಿ ಮೋಸವೇನಿಲ್ಲ. ವೇಳಾಪಟ್ಟಿಯ ಅವಧಿ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನದು. ರನ್‌ವೇಗೆ ಸಾಗುವುದು, ಸರದಿ ಕಾಯುವುದು ಎಲ್ಲ ಅದರೊಳಗೇ ಬರುತ್ತದೆ. 10,000 ಅಡಿಗಿಂತ ಕೆಳಗೆ ವೇಗದ ಮಿತಿ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ಸಾವಿರ ಅಡಿ ಇಳಿಯಲು ಸುಮಾರು ಐದೂವರೆ ಕಿ.ಮೀ. ದಾರಿ ಬೇಕು. 24,000 ಅಡಿ ಏರಿದ ಜೆಟ್ ಇಳಿಯುವುದಕ್ಕೇ 130 ಕಿ.ಮೀ. ತೆಗೆದುಕೊಳ್ಳುತ್ತದೆ, ಕಣ್ಣೂರಿನ ದಾರಿಯಲ್ಲಿ ಅದು ಹೆಚ್ಚುಕಡಿಮೆ ಅರ್ಧ! ಪೂರ್ಣ ವೇಗದಲ್ಲಿ ಹಾರಲು ಜಾಗವೇ ಉಳಿಯುವುದಿಲ್ಲ. ಹಾಗಾಗಿ ಗಂಟೆಗೆ ಸುಮಾರು 500 ಕಿ.ಮೀ. ಓಡುವ ಎಟಿಆರ್ ಎಂಬ ಪಂಖದ ಸಣ್ಣ ವಿಮಾನಕ್ಕೂ ಜೆಟ್‌ಗೂ ಇಷ್ಟು ಹತ್ತಿರದಲ್ಲಿ ದೊಡ್ಡ ಅಂತರ ಕಾಣದು.

ನಮಗೆ ಮುಖ್ಯವಾದದ್ದು ನೆಲದ ಮೇಲಿನ ಹೊತ್ತು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾಟಿ ಮಟ್ಟನ್ನೂರಿನ ಕಣ್ಣೂರು ನಿಲ್ದಾಣಕ್ಕೆ ಸುಮಾರು 60 ಕಿ.ಮೀ., ಎರಡು ಗಂಟೆ ಹಿಡಿಯಬೇಕು. ದೇಶೀಯ ವಿಮಾನಕ್ಕೆ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಲಗೇಜು ಒಪ್ಪಿಸುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ, ಆಮೇಲೆ ಎಷ್ಟು ಬೇಡಿಕೊಂಡರೂ ತೆರೆಯುವುದಿಲ್ಲ. ಹಾರಾಟಕ್ಕೊಂದು ಗಂಟೆ, ದೇವನಹಳ್ಳಿಯಲ್ಲಿ ಲಗೇಜಿಗೆ ಅರ್ಧ ಗಂಟೆ, ನಗರ ಸೇರಲು ಒಂದರಿಂದ ಒಂದೂವರೆ ಗಂಟೆ. ಒಟ್ಟು ಏಳು ಗಂಟೆಯ ಹತ್ತಿರ. ನೇರ ಬಸ್ಸಿಗೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ, ಕಾರಿಗೆ ಇನ್ನೂ ಕಡಿಮೆ. ಬೆಂಗಳೂರಿಗಾಗಿ ವಿಮಾನ ಹತ್ತುವುದು ದಕ್ಷಿಣ ಕೊಡಗಿನವರಿಗೆ ದುಡ್ಡು ದಂಡ ಎಂಬುದೇ ನಮ್ಮ ಅಭಿಪ್ರಾಯ.

ಗಲ್ಫ್‌ಗೆ ಹೋಗುವವರ ಮಾತು ಬೇರೆ. 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ ಅವರಿಗೆ ನಿಜವಾಗಿ ಹತ್ತಿರ. ದುಬೈ ಅಲ್ಲಿಂದ ನೇರವಾಗಿ ಸುಮಾರು 2,600 ಕಿ.ಮೀ., ಹೆಚ್ಚುಕಡಿಮೆ ನಾಲ್ಕು ಗಂಟೆ. ಟಿಕೆಟ್ಟಿನಲ್ಲಿ ಎರಡೂ ಕಡೆ ಸ್ಥಳೀಯ ಸಮಯ ಇರುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಹೋಗುವಾಗ ಎರಡೂವರೆ ಗಂಟೆಯಂತೆಯೂ ಬರುವಾಗ ಐದು ಗಂಟೆ ಮೀರಿದಂತೆಯೂ ಕಾಣುತ್ತದೆ. ಕರೆತರಲು ಗಾಡಿ ಕಳಿಸುವವರು ಟಿಕೆಟ್ಟಿನಲ್ಲಿರುವ ಇಳಿಯುವ ಸಮಯವನ್ನು ಹಾಗೇ ಹಿಡಿದರೆ ಸಾಕು, ಕೂಡಿಸಿ ಕಳೆಯಬಾರದು.

ಮಳೆಗಾಲದಲ್ಲಿ ಮಾಕುಟ್ಟ ಘಾಟಿಯಲ್ಲಿ ಮರ ಬಿದ್ದರೆ, ಮಣ್ಣು ಜರಿದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಗಂಟೆ ಹೆಚ್ಚೇ ಇಟ್ಟುಕೊಂಡು, ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಬೇಕು. ಮುಚ್ಚಿದ್ದರೆ ಕುಟ್ಟ, ಮಾನಂದವಾಡಿ, ನೆಡುಂಪೊಯಿಲ್ ಮೂಲಕ ಸುತ್ತಬೇಕು. ಅದೂ ಘಾಟಿಯೇ, ಅಲ್ಲಿನ ಸ್ಥಿತಿಯನ್ನೂ ಕೇಳಿಕೊಳ್ಳಿ. ಮಡಿಕೇರಿಯವರು ಮಂಗಳೂರಿಗೆ ಹೋಗುವುದಾದರೆ ಸಂಪಾಜೆ ಘಾಟಿಗೂ ಇದೇ ಎಚ್ಚರ ಬೇಕು.

ತಮ್ಮ ಪತ್ರಿಕೆಯಲ್ಲಿ ವಿಮಾನಗಳ ವೇಳೆ ಪ್ರಕಟಿಸುವಾಗ ಜಿಲ್ಲೆಯ ಮುಖ್ಯ ಪಟ್ಟಣಗಳಿಂದ ನಿಲ್ದಾಣ ತಲುಪಲು ಬೇಕಾಗುವ ರಸ್ತೆಯ ಅವಧಿಯನ್ನೂ ಪಕ್ಕದಲ್ಲಿ ಹಾಕಬೇಕೆಂದು ವಿನಂತಿ.

– ಓದುಗರು, ವಿರಾಜಪೇಟೆ