ಎಂಟನೇ ಕ್ಲಾಸಿಗೆ ಪೇಟೆಗೆ ಬಂದ ಮಗು ಹಳ್ಳಿಯದ್ದಲ್ಲವಾ? ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಹೊಸನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ, ಆನ್‌ಲೈನ್ ಅರ್ಜಿಯನ್ನೂ ಹಾಕಿಕೊಡುತ್ತೇನೆ. ವರ್ಷವಿಡೀ ಪಹಣಿ, ಬೆಳೆ ವಿಮೆ, ಪಾನ್ ಕಾರ್ಡು. ನೀಟ್ ಫಲಿತಾಂಶ ಬಂತು ಅಂದರೆ ಮಾತ್ರ ಅಂಗಡಿ ತುಂಬ ಡಾಕ್ಟರ್ ಸೀಟಿನದ್ದೇ ಮಾತು. ಅಪ್ಪ ಅಮ್ಮ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೈಲು ಹಿಡಿದು, ಕೊಡೆ ಹೊರಗಿಟ್ಟು ಬಂದು ಕೂರುತ್ತಾರೆ.

ನೀಟ್ ಬಗ್ಗೆ ನಿಮ್ಮನ್ನು ಏನೂ ಕೇಳುವುದಿಲ್ಲ. ಅದು ಬೇಡ ಅಂತ 2024ರ ಜುಲೈನಲ್ಲಿ ವಿಧಾನಸಭೆಯಲ್ಲಿ ನಿರ್ಣಯ ಮಾಡಿದಿರಿ, ಸರಿ, ಆದರೆ ಅದು ದೆಹಲಿಯಲ್ಲಿ ತೀರ್ಮಾನ ಆಗಬೇಕಾದ್ದು. ನಾನು ಕೇಳುತ್ತಿರುವುದು ಬೆಂಗಳೂರಿನಲ್ಲೇ ಮುಗಿಯುವ ಕೆಲಸ. ರಾಜ್ಯದ ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎ, ಅರ್ಜಿಯಲ್ಲಿ ಬರುವ ಒಂದೇ ಒಂದು ಪ್ರಶ್ನೆಯ ವಿಷಯ: ಗ್ರಾಮೀಣ ಮೀಸಲಾತಿ ಬೇಕಾ, ಹೌದಾ ಅಲ್ಲವಾ?

ಸರ್ಕಾರಿ ಕಾಲೇಜಿನ ಸೀಟುಗಳಲ್ಲಿ 15 ಪರ್ಸೆಂಟ್ ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ನಮ್ಮ ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜು ಸಿಮ್ಸ್‌ನಲ್ಲೂ ಅಷ್ಟೇ. ಉಳಿದ 85 ಪರ್ಸೆಂಟ್ ರಾಜ್ಯದ್ದು, ಕೆಇಎ ಹಂಚುತ್ತದೆ. ಅದರಲ್ಲಿ ಪ್ರತಿ ವರ್ಗದ ಒಳಗೂ 15 ಪರ್ಸೆಂಟ್ ಹಳ್ಳಿಯಲ್ಲಿ ಓದಿದ ಮಕ್ಕಳಿಗೆ. ಕಟ್ ಆಫ್ ಪಟ್ಟಿಯಲ್ಲಿ ಸಾಮಾನ್ಯ ವರ್ಗಕ್ಕೆ ಜಿಎಂಆರ್, ಹಿಂದುಳಿದ 2ಎ ವರ್ಗಕ್ಕೆ 2ಎಆರ್ ಅಂತ ಬರುತ್ತದಲ್ಲ, ಆ ಕೊನೆಯ 'ಆರ್' ಅಂದರೆ ರೂರಲ್, ಇದೇ. ಸೀಟು ಸಿಗುವುದು, ತಪ್ಪುವುದು ಎಷ್ಟೋ ಸಲ ಈ ಅಕ್ಷರದ ಮೇಲೆ ನಿಂತಿರುತ್ತದೆ.

ಇದಕ್ಕೆ ಷರತ್ತು ಏನು ಗೊತ್ತಾ? ಒಂದರಿಂದ ಹತ್ತನೇ ಕ್ಲಾಸಿನವರೆಗೆ, ಹತ್ತಕ್ಕೆ ಹತ್ತೂ ವರ್ಷ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಶಾಲೆ ಪಟ್ಟಣ ಪಂಚಾಯಿತಿ ಗಡಿಯೊಳಗೆ ಇದ್ದರೂ ಆ ವರ್ಷ ಲೆಕ್ಕಕ್ಕಿಲ್ಲ. ಹೊಸನಗರವೂ ಪಟ್ಟಣ ಪಂಚಾಯಿತಿ, ತೀರ್ಥಹಳ್ಳಿಯೂ ಪಟ್ಟಣ ಪಂಚಾಯಿತಿ. ಸಂಜೆ ಏಳು ಗಂಟೆಗೆ ಬಾಗಿಲು ಹಾಕುವ ನಮ್ಮ ಪೇಟೆ, ಈ ನಿಯಮದ ಪ್ರಕಾರ ಬೆಂಗಳೂರಿನ ಸಾಲಿಗೆ ಸೇರುತ್ತದೆ.

ಬಯಲುಸೀಮೆಯಲ್ಲಿ ಈ ನಿಯಮ ಅಷ್ಟೇನೂ ಕಾಡಲಿಕ್ಕಿಲ್ಲ. ಅಲ್ಲಿ ಊರು ಅಂದರೆ ಊರು, ಸಾಲಾಗಿ ಮನೆ, ಮಧ್ಯೆ ಶಾಲೆ. ನಮ್ಮಲ್ಲಿ ಹಾಗಲ್ಲವಲ್ಲ. ಗುಡ್ಡಕ್ಕೊಂದು ಮನೆ, ತೋಟದಾಚೆ ಇನ್ನೊಂದು. ಏಳನೇ ಕ್ಲಾಸಿನವರೆಗೆ ಹತ್ತಿರದಲ್ಲಿ ಶಾಲೆ ಇದ್ದರೂ ಹೈಸ್ಕೂಲಿಗೆ ಹೋಗಬೇಕು ಅಂದರೆ ಕಾಲುಸಂಕ ದಾಟಿ, ಜಿಗಣೆ ಕೀಳುತ್ತಾ ಟಾರು ರಸ್ತೆಗೆ ಬಂದು, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವ ಬಸ್ಸಿಗೆ ಕಾಯಬೇಕು. ಮಾಸ್ತಿಕಟ್ಟೆ, ಹುಲಿಕಲ್ ಕಡೆಯ ಆಷಾಢದ ಮಳೆಯನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹದಿಮೂರು ವರ್ಷದ ಹೆಣ್ಣುಮಗಳನ್ನು ಆ ಮಳೆಯಲ್ಲಿ ದಿನಾ ಕಳಿಸಲು ಯಾವ ತಾಯಿಗೆ ಧೈರ್ಯ ಬರುತ್ತದೆ? ಹಾಗಾಗಿ ಎಂಟನೇ ಕ್ಲಾಸಿಗೆ ಪೇಟೆಯ ಹಾಸ್ಟೆಲ್ಲು, ಇಲ್ಲವೇ ಸೋದರತ್ತೆ ಮನೆ.

ಹೋದ ಸಲ ಬಿದನೂರು ನಗರದ ಆಚೆಯ ಒಬ್ಬ ಹುಡುಗಿ ಬಂದಿದ್ದಳು. ಒಂದರಿಂದ ಏಳು ಊರಿನ ಸರ್ಕಾರಿ ಶಾಲೆ. ಎಂಟರಿಂದ ಹತ್ತು ಪೇಟೆಯ ಹೈಸ್ಕೂಲು, ಇದ್ದದ್ದು ಹಿಂದುಳಿದ ವರ್ಗದ ಮಕ್ಕಳ ಸರ್ಕಾರಿ (ಬಿಸಿಎಂ) ಹಾಸ್ಟೆಲ್‌ನಲ್ಲಿ. ಅಪ್ಪನಿಗೆ ಒಂದೂವರೆ ಎಕರೆ ಅಡಿಕೆ, ಅದಕ್ಕೂ ಎಲೆಚುಕ್ಕೆ ರೋಗ. ನೀಟ್‌ನಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಬೇಕಲ್ಲ, ಆ ಹಾಳೆಯಲ್ಲಿ ಕ್ಲಾಸು, ವರ್ಷ, ಶಾಲೆ ಇರುವ ಜಾಗ ಅಂತ ಸಾಲುಸಾಲಾಗಿ ಬರೆಯಬೇಕು. ಏಳು ಸಾಲು ಸರಿಯಾಗಿ ತುಂಬಿತು. ಎಂಟನೇ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, "ಇಲ್ಲಿಗೆ ಮುಗೀತು, ಅಲ್ವಾ ಅಣ್ಣಾ?" ಅಂದಳು. ಅವಳ ಅಪ್ಪನಿಗೆ ಅರ್ಥವೇ ಆಗಲಿಲ್ಲ. ಗ್ರಾಮ ಪಂಚಾಯಿತಿಯಿಂದ ವಾಸದ ಪತ್ರ ತಂದಿದ್ದೇನೆ, ರೇಷನ್ ಕಾರ್ಡ್ ಇದೆ, ಮತ್ತೇನು ಬೇಕು ಅಂತ ಕೇಳಿದರು. ವಾಸ ಎಲ್ಲಿ ಅನ್ನುವುದು ಇದರಲ್ಲಿ ಬರುವುದೇ ಇಲ್ಲ, ಶಾಲೆ ಎಲ್ಲಿ ಅನ್ನುವುದಷ್ಟೇ ಅಂತ ಹೇಳಿದೆ. ಆ ಹಾಸ್ಟೆಲ್ ಕಟ್ಟಿದ್ದು ಸರ್ಕಾರ, ಊರು ಬಿಟ್ಟು ಬಂದ ಮಗುವಿಗೆ ಅಲ್ಲಿ ಸೀಟು ಕೊಟ್ಟದ್ದೂ ಸರ್ಕಾರ. ಅದೇ ಸರ್ಕಾರ ಈಗ ನೀನು ಹಳ್ಳಿಯವಳಲ್ಲ ಅನ್ನುತ್ತಿದೆ.

ಕನ್ನಡ ಮಾಧ್ಯಮದಲ್ಲಿ ಓದಿದವರ 5 ಪರ್ಸೆಂಟ್ ಮೀಸಲಾತಿ ಕೇಳಬಹುದಲ್ಲ ಅಂತ ನಿಮ್ಮ ಕಡೆಯವರು ಹೇಳಬಹುದು. ಕೇಳಿದೆವು. ಆದರೆ ಅದು ಬೇರೆ ಲೆಕ್ಕ, ಸೀಟುಗಳೂ ಕಡಿಮೆ.

ಇನ್ನೊಂದು ತಮಾಷೆ ಇದೆ. ಶಹರದ ಹೊರಗೆ, ಗ್ರಾಮ ಪಂಚಾಯಿತಿ ಗಡಿಯಲ್ಲಿ ಹತ್ತಾರು ಎಕರೆ ಜಾಗದಲ್ಲಿ ದೊಡ್ಡ ಶಾಲೆ ಕಟ್ಟಿ, ಶಹರದ ಮಕ್ಕಳನ್ನು ಹಳದಿ ಬಸ್ಸಿನಲ್ಲಿ ಕರೆದೊಯ್ದರೆ, ಆ ಮಕ್ಕಳ ಹತ್ತು ವರ್ಷವೂ ಗ್ರಾಮೀಣವೇ. ಕೆನೆಪದರದಲ್ಲಿ ಇಲ್ಲ, ಅಂದರೆ ಮನೆಯವರು ಅನುಕೂಲಸ್ಥರಲ್ಲ ಅನ್ನುವ ಪ್ರಮಾಣಪತ್ರ ಬೇಕಾಗುತ್ತದೆ, ಅದು ಒಂದಿಷ್ಟು ಜನರನ್ನು ತಡೆಯುತ್ತದೆ, ಒಪ್ಪುತ್ತೇನೆ. ಆದರೂ ರಾತ್ರಿ ಶಹರದಲ್ಲಿ ಮಲಗುವ ಮಗು ಹಳ್ಳಿಯದ್ದು, ರಜೆಗೆ ಹಳ್ಳಿಗೆ ಓಡುವ ಹಾಸ್ಟೆಲ್ ಮಗು ಪೇಟೆಯದ್ದು ಅಂದರೆ ಯಾರಿಗಾದರೂ ನಗು ಬರುತ್ತದೆ.

ಹಳ್ಳಿಗೆ ಡಾಕ್ಟರ್ ಬರುವುದಿಲ್ಲ ಅಂತ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆಯನ್ನೇ ತಂದರು. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಕ್ಯಾಸನೂರಿನಲ್ಲಿ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಅದು ಏನು ಮಾಡಿತು ಅಂತ ನಿಮಗೂ ನೆನಪಿರಬೇಕು. ಇಂಥ ಕಡೆ ತಾನಾಗಿ ಬಂದು ನಿಲ್ಲುವ ಡಾಕ್ಟರ್ ಯಾರು? ಇಲ್ಲೇ ಅಪ್ಪ ಅಮ್ಮ ಇರುವವರು ತಾನೇ?

ನಾನು ಕೇಳುವುದು ಇಷ್ಟು. ಒಂದರಿಂದ ಏಳನೇ ಕ್ಲಾಸು ಹಳ್ಳಿಯಲ್ಲಿ ಓದಿ, ಆಮೇಲೆ ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದುಕೊಂಡು ಪಟ್ಟಣ ಪಂಚಾಯಿತಿಯ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವರ ಆ ಮೂರು ವರ್ಷವನ್ನೂ ಗ್ರಾಮೀಣ ಅಂತ ಲೆಕ್ಕ ಹಿಡಿಯಿರಿ. ಹಾಸ್ಟೆಲ್‌ನ ಹಾಜರಿ ಪುಸ್ತಕ ಸರ್ಕಾರದ ಬಳಿಯೇ ಇದೆ, ಸುಳ್ಳು ದಾಖಲೆ ಬರುತ್ತದೆ ಅನ್ನುವ ಭಯವೂ ಬೇಡ. ಸೀಟು ಆಯ್ಕೆ ನಡೆಯುವುದು 2006ರ ನಿಯಮಗಳ ಮೇಲೆ, ಅದನ್ನು ಮಾಡಿದ್ದು ರಾಜ್ಯ ಸರ್ಕಾರ, ತಿದ್ದಬೇಕಾದ್ದೂ ಅದೇ. ಕೆಇಎಯವರನ್ನು ಬೈದು ಪ್ರಯೋಜನ ಇಲ್ಲ, ಅವರು ಕೊಟ್ಟ ನಿಯಮದಂತೆ ನಡೆಯುತ್ತಾರೆ. ವೈದ್ಯಕೀಯ ಶಿಕ್ಷಣ ಸಚಿವರ ಜೊತೆ ಸಂಪುಟದಲ್ಲಿ ಕೂರುವವರು ನೀವು.

ಮಳೆಗಾಲದಲ್ಲಿ ಕರೆಂಟು ಹೋದಾಗ ಕಾಲೇಜು ಆರಿಸುವ ಆಪ್ಶನ್ ಎಂಟ್ರಿಯ ಕೊನೇ ದಿನ ಬಂದು ಪಡುವ ಪಾಡು, ಒಟಿಪಿಗಾಗಿ ಗುಡ್ಡ ಹತ್ತುವುದು, ಇವೆಲ್ಲ ಇದ್ದದ್ದೇ, ಹೇಗೋ ಸುಧಾರಿಸಿಕೊಳ್ಳುತ್ತೇವೆ. ಅದಕ್ಕೆ ಬೇರೆ ಪತ್ರ ಬರೆಯುತ್ತೇನೆ.

ಈ ಆದೇಶವನ್ನು ಮುಂದಿನ ಸಾಲಿನ ಕೆಇಎ ಅರ್ಜಿ ಶುರುವಾಗುವ ಮೊದಲೇ ಹೊರಡಿಸಿ. ತಡವಾಗಿ ಬಂದ ಆದೇಶದಲ್ಲಿ 'ಮುಂದಿನ ಸಾಲಿನಿಂದ ಅನ್ವಯ' ಅನ್ನುವ ಸಾಲು ಇದ್ದೇ ಇರುತ್ತದೆ, ಈಗ ಪೇಟೆಯ ಹಾಸ್ಟೆಲ್‌ನಿಂದ ಪಿಯುಸಿಗೆ ಹೋಗಿರುವ ಮಕ್ಕಳಿಗೆ ಅದರಿಂದ ಏನೂ ಸಿಗುವುದಿಲ್ಲ.

ಇತಿ,
ಹೊಸನಗರದ ಒಬ್ಬ ಜೆರಾಕ್ಸ್ ಅಂಗಡಿಯವ