ಹೈಬ್ರಿಡ್ ಕಾರುಗಳಿಗೆ ತೆರಿಗೆ ರಿಯಾಯಿತಿ: ಸಾರಿಗೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ವಿದ್ಯುತ್ ಕಾರುಗಳಿಗೆ ಸಿಗುವ ತೆರಿಗೆ ರಿಯಾಯಿತಿಯನ್ನು, ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಕಾರುಗಳಿಗೂ ಕೊಡಬೇಕೆಂಬ ಬೇಡಿಕೆಯನ್ನು ತಾವು ಸಾರಾಸಗಟಾಗಿ ತಳ್ಳಿಹಾಕಬೇಕಿಲ್ಲ. ಆದರೆ ಆ ಹಣೆಪಟ್ಟಿ ಹೊತ್ತ ಎಲ್ಲ ವಾಹನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ನನ್ನ ವಿನಂತಿ.

1997ರಲ್ಲಿ ಟೊಯೋಟಾ ಪ್ರಿಯಸ್ ಜಪಾನಿನಲ್ಲಿ ರಸ್ತೆಗಿಳಿದಂದಿನಿಂದ ಹೈಬ್ರಿಡ್ ಕಾರಿನ ಮೂಲ ತತ್ವ ಹೆಚ್ಚೇನೂ ಬದಲಾಗಿಲ್ಲ. ಚಾಲಕ ಕೆಂಪು ದೀಪ ಕಂಡು ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ಬ್ರೇಕಿನಲ್ಲಿ ಶಾಖವಾಗಿ ಪೋಲಾಗುತ್ತಿದ್ದ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಹಸಿರು ದೀಪ ಬಂದಾಗ ಎಂಜಿನ್ ಚಾಲೂ ಆಗುವ ಮೊದಲೇ ಕಾರು ಅದೇ ಶಕ್ತಿಯಿಂದ ಸದ್ದಿಲ್ಲದೆ ಹೊರಡುತ್ತದೆ. ನಗರದ ದಟ್ಟಣೆಯಲ್ಲಿ ಇದರಿಂದ ಆಗುವ ಇಂಧನ ಉಳಿತಾಯ ದೊಡ್ಡದು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಹಾಗೆ ಮರಳಿ ಪಡೆಯುವ ಶಕ್ತಿಯೇ ಕಡಿಮೆಯಾದ್ದರಿಂದ ಸಾಮಾನ್ಯ ಪೆಟ್ರೋಲ್ ಕಾರಿಗೂ ಇದಕ್ಕೂ ಇರುವ ಅಂತರ ಕುಗ್ಗುತ್ತದೆ. ಒಟ್ಟಿನಲ್ಲಿ, ಪ್ಲಗ್ ಹಾಕಿ ಚಾರ್ಜ್ ಮಾಡಲಾಗದ ಇಂಥ ಹೈಬ್ರಿಡ್ ಬಹಳ ಒಳ್ಳೆಯ ಪೆಟ್ರೋಲ್ ಕಾರು; ಅದು ಓಡುವ ಪ್ರತಿ ಕಿಲೋಮೀಟರಿನ ಶಕ್ತಿಯೂ ಕೊನೆಗೆ ಪೆಟ್ರೋಲ್ ಬಂಕಿನಿಂದಲೇ ಬಂದದ್ದು. ಇನ್ನು 48 ವೋಲ್ಟ್‌ನ ಮೈಲ್ಡ್ ಹೈಬ್ರಿಡ್‌ಗಳ ಮೋಟಾರು ಸಾಮಾನ್ಯವಾಗಿ ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ಕಾರನ್ನು ತಾನೊಂದೇ ಎಳೆಯುವುದಿಲ್ಲ. ಅವುಗಳಿಗೆ ರಿಯಾಯಿತಿ ಕೇಳುವುದು ಸ್ವಲ್ಪ ಧಾರ್ಷ್ಟ್ಯವೇ ಸರಿ.

ನಿಜವಾದ ತೊಡಕು ಇರುವುದು ಪ್ಲಗ್-ಇನ್ ಹೈಬ್ರಿಡ್‌ಗಳಲ್ಲಿ, ಅಂದರೆ ಹೊರಗಿನ ವಿದ್ಯುತ್ತಿನಿಂದಲೂ ಬ್ಯಾಟರಿ ಚಾರ್ಜ್ ಮಾಡಬಹುದಾದ ಹೈಬ್ರಿಡ್‌ಗಳಲ್ಲಿ. ದಿನವೂ ಚಾರ್ಜ್ ಮಾಡುವವರ ಕೈಯಲ್ಲಿ ಅವು ಹೆಚ್ಚುಕಡಿಮೆ ವಿದ್ಯುತ್ ಕಾರುಗಳೇ. ಚಾರ್ಜ್ ಮಾಡದವರ ಕೈಯಲ್ಲಿ ಭಾರದ ಬ್ಯಾಟರಿ ಹೊತ್ತು ತಿರುಗುವ ಪೆಟ್ರೋಲ್ ಕಾರುಗಳು. ಪೆಟ್ರೋಲ್ ಖರ್ಚನ್ನು ಕಂಪನಿ ಭರಿಸಿ, ಮನೆಯ ವಿದ್ಯುತ್ ಬಿಲ್ಲನ್ನು ನೌಕರನೇ ಕಟ್ಟುವಂತಿದ್ದರೆ ಆತ ಚಾರ್ಜರ್ ಮುಟ್ಟುವುದಾದರೂ ಏಕೆ? ಹೀಗೆ ಕಂಪನಿಗಳು ನೌಕರರಿಗೆ ಕೊಟ್ಟ ಕಾರುಗಳ ಚಾರ್ಜಿಂಗ್ ಕೇಬಲ್‌ಗಳು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಡಿಕ್ಕಿಯಲ್ಲೇ ಉಳಿದಿದ್ದದ್ದು ಬ್ರಿಟನ್ನಿನಲ್ಲಿ ಸುದ್ದಿಯಾಗಿತ್ತು. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರಸ್ತೆಯ ಮೇಲಿನ ಪ್ಲಗ್-ಇನ್ ಹೈಬ್ರಿಡ್‌ಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ 3.5 ಪಟ್ಟು ಹೆಚ್ಚು. ರಿಯಾಯಿತಿಯನ್ನು ಪ್ರಯೋಗಾಲಯದ ಅಂಕಿ ನೋಡಿ ಕೊಟ್ಟರೆ ಬೊಕ್ಕಸದ ಹಣ ಎಲ್ಲಿಗೆ ಹೋಗುತ್ತದೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ವಿದ್ಯುತ್ ಕಾರು ದೋಷಮುಕ್ತವೆಂದು ನಾನು ವಾದಿಸುತ್ತಿಲ್ಲ. ಅದರ ಬ್ಯಾಟರಿಯ ತಯಾರಿಕೆಯಲ್ಲೇ ಸಾಕಷ್ಟು ಇಂಗಾಲ ಹೊರಬೀಳುತ್ತದೆ. ಕಲ್ಲಿದ್ದಲಿನಿಂದಲೇ ವಿದ್ಯುತ್ ಬರುವ ಕಡೆ ಒಳ್ಳೆಯ ಹೈಬ್ರಿಡ್ ಅದಕ್ಕೆ ಪೈಪೋಟಿ ಕೊಡಬಲ್ಲದು. ಆದರೆ ವಿದ್ಯುತ್ ಜಾಲಕ್ಕೆ ಸೌರ ಮತ್ತು ಪವನಶಕ್ತಿ ಸೇರಿದಷ್ಟೂ, ಈಗಾಗಲೇ ಮಾರಾಟವಾಗಿರುವ ವಿದ್ಯುತ್ ಕಾರು ಕೂಡ ಸ್ವಚ್ಛವಾಗುತ್ತಾ ಹೋಗುತ್ತದೆ. ಇಂದು ಕಾರ್ಖಾನೆಯಿಂದ ಹೊರಬಂದ ಹೈಬ್ರಿಡ್‌ಗೆ ಆ ಭಾಗ್ಯವಿಲ್ಲ. ಹತ್ತು ಹದಿನೈದು ವರ್ಷ ಅದು ಸುಡುವುದು ಹೆಚ್ಚುಕಡಿಮೆ ಅಷ್ಟೇ ಪೆಟ್ರೋಲನ್ನು. ಚಾರ್ಜಿಂಗ್ ಕೇಂದ್ರಗಳಿಲ್ಲದ ಕಡೆ, ದೂರ ಪ್ರಯಾಣಿಸಲೇಬೇಕಾದವರಿಗೆ ಸದ್ಯಕ್ಕೆ ಹೈಬ್ರಿಡ್ ಉತ್ತಮ ಆಯ್ಕೆ ಎಂಬುದನ್ನು ನಾನೂ ಒಪ್ಪುತ್ತೇನೆ. ಆ 'ಸದ್ಯಕ್ಕೆ' ಯಾವಾಗ ಮುಗಿಯುತ್ತದೆ ಎಂಬುದನ್ನು ನಿರ್ಧರಿಸಬೇಕಾದದ್ದು ಸರ್ಕಾರವೇ ಹೊರತು ಕಾರು ತಯಾರಕರಲ್ಲ.

ಆದ್ದರಿಂದ ಪ್ಲಗ್ ಇಲ್ಲದ ಹೈಬ್ರಿಡ್‌ಗಳನ್ನು ಇಂಧನ ದಕ್ಷತೆಗೆ ತಕ್ಕಂತೆ ಪೆಟ್ರೋಲ್ ಕಾರುಗಳ ಸಾಲಿನಲ್ಲೇ ಇಟ್ಟು ತೆರಿಗೆ ನಿಗದಿ ಮಾಡಬೇಕು, ಮತ್ತು ಆ ದರ ವರ್ಷದಿಂದ ವರ್ಷಕ್ಕೆ ಬಿಗಿಯಾಗುವ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸಬೇಕು. ಸುಟ್ಟ ಇಂಧನವನ್ನೂ ಚಾರ್ಜ್ ಆದ ವಿದ್ಯುತ್ತನ್ನೂ ದಾಖಲಿಸುವ ಸಾಧನ ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ಹೊಸ ಪ್ಲಗ್-ಇನ್ ಕಾರುಗಳಲ್ಲಿ ಕಡ್ಡಾಯವಾಗಿದೆ. ಅದನ್ನು ಇಲ್ಲಿಯೂ ಕಡ್ಡಾಯಗೊಳಿಸಿ, ವಾಹನ ತಪಾಸಣೆಯ ವೇಳೆ ಆ ದಾಖಲೆಯನ್ನು ಓದಿ, ನಿಜವಾಗಿ ವಿದ್ಯುತ್ತಿನಲ್ಲಿ ಓಡಿಸಿದವರಿಗಷ್ಟೇ ರಿಯಾಯಿತಿ ಮುಂದುವರಿಸುವಂತೆ ನಿಯಮ ರೂಪಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆದಾರ