ಹಳೇ ರೇಸಿಂಗ್ ಸೈಕಲ್ ಬ್ರೇಕು ಯಾವ್ದು ಅಂತ ನೋಡದೆ ಗುಜರಿಗೆ ಹಾಕ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಹಳೇ ಸೈಕಲ್ ರಿಪೇರಿ ಮಾಡಿಸಿ ಓಡಿಸೋರ ಬಗ್ಗೆ ಹಾಕಿದ್ರಲ್ಲ, ಓದಿ ಖುಷಿಯಾಯ್ತು. ಆದ್ರೆ ಅದ್ರಲ್ಲಿ ಒಂದು ಸಲಹೆ ಮಾತ್ರ ಒಪ್ಪೋಕಾಗ್ಲಿಲ್ಲ, ವಿದೇಶಿ ರೇಸಿಂಗ್ ಸೈಕಲ್ ಆದ್ರೆ ಹಳೇ ಬ್ರೇಕ್ ತೆಗೆದು ಬಿಸಾಕಿ ಹೊಸ ಸೆಟ್ ಹಾಕಿಸಿಬಿಡಿ ಅನ್ನೋದು. ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ, ಮೊದಲು ಅದು ಯಾವ ಬ್ರೇಕು ಅಂತ ಗುರುತು ಹಿಡೀರಿ, ಆಮೇಲೆ ಮುಂದಿನ ಮಾತು.

ನಮ್ಮ ಕಡೆ ಸೈಕಲ್ ಅಂದ್ರೆ ಹರ್ಕ್ಯುಲಿಸ್, ಅಟ್ಲಾಸ್, ಹೀರೋ, ಅಸನ್ಸೋಲ್‌ನಲ್ಲಿ ತಯಾರಾಗ್ತಿದ್ದ ಸೇನ್ ರ್‍ಯಾಲೆ. ಅದ್ರಲ್ಲೆಲ್ಲಾ ರಾಡ್ ಬ್ರೇಕು, ಲಿವರ್ ಹಿಡಿದ್ರೆ ಕಂಬಿ ಮೇಲಕ್ಕೆ ಎಳೆದು ರಬ್ಬರ್ ರಿಮ್ಮಿನ ಒಳಮೈಗೆ ಒತ್ತುತ್ತೆ. ನಮ್ಮ ಮೆಕ್ಯಾನಿಕ್‌ಗಳು ಕಣ್ಣು ಮುಚ್ಕೊಂಡು ಅದನ್ನ ಬಿಚ್ಚಿ ಜೋಡಿಸ್ತಾರೆ, ಅವರ ಕೈಗುಣದ ಬಗ್ಗೆ ನನಗೆ ತುಂಬಾ ಗೌರವ. ಆದ್ರೆ ಯಾರೋ ಹೊರದೇಶದಲ್ಲಿ ಓದೋಕೆ ಹೋಗಿ ಬರುವಾಗ ತಂದ ಬಗ್ಗಿದ ಹ್ಯಾಂಡಲ್ ಸೈಕಲ್ಲು ಅಂಗಡಿಗೆ ಬಂದ್ರೆ, ನೋಡೇ ಇಲ್ಲದ ಬ್ರೇಕ್ ಅಲ್ವಾ, ಇದ್ರ ಪಾರ್ಟ್ ಸಿಗಲ್ಲ ಸಾರ್ ಅಂತ ಹೇಳಿ ತೆಗೆದುಬಿಡ್ತಾರೆ.

ಇತ್ತೀಚೆಗೆ ನಮ್ಮ ಬೀದಿ ಹುಡುಗನೊಬ್ಬ ಅವರ ದೊಡ್ಡಪ್ಪನ ಪೇಜೋ ಸೈಕಲ್ ತಂದಿದ್ದ, ಫ್ರಾನ್ಸಿಂದು, ವರ್ಷಾನುಗಟ್ಟಲೆ ಅಟ್ಟದ ಮೇಲಿತ್ತಂತೆ. ಬ್ರೇಕಿನ ಎರಡು ಕೈಗಳೂ, ಅಂದ್ರೆ ರಬ್ಬರ್ ಹಿಡ್ಕೊಂಡು ರಿಮ್ಮಿಗೆ ಒತ್ತೋ ತೋಳುಗಳು, ಬೇರೆ ಬೇರೆ ಬೋಲ್ಟಲ್ಲಿ ಕೂತಿವೆ, ಎರಡರ ತುದಿಗೂ ಅಡ್ಡಕ್ಕೆ ಒಂದು ತುಂಡು ವೈರು, ಆ ವೈರಿನ ಮಧ್ಯಕ್ಕೆ ಕೊಕ್ಕೆ ಸಿಕ್ಕಿಸಿ ಮೇಲಿಂದ ಬಂದ ಕೇಬಲ್ ಎಳೆಯುತ್ತೆ. ಜಿಡ್ಡು ಕಪ್ಪಗೆ ಗಟ್ಟಿಯಾಗಿ ಕೂತಿತ್ತು, ಹಳೇ ಬನಿಯನ್ ಬಟ್ಟೇನ ಸೀಮೆಎಣ್ಣೇಲಿ ಅದ್ದಿ ನಿಧಾನಕ್ಕೆ ಉಜ್ಜಿದ್ವಿ, ಬ್ರೇಕಿನ ಕೈ ಮೇಲೆ ಮಫಾಕ್ ಅನ್ನೋ ಅಕ್ಷರ ಒಂದೊಂದಾಗಿ ಬಿಟ್ಕೊಂಡ್ತು. ಹುಡುಗನ ಮುಖ ನೋಡ್ಬೇಕಿತ್ತು! ಮಫಾಕ್ ಅಂದ್ರೆ ಕ್ಲೆರ್ಮೋಂ ಫೆರಾಂ ಅನ್ನೋ ಊರಿನ ಕಂಪನಿ, ಮಿಶೆಲಿನ್ ಟೈರಿನ ಊರೂ ಅದೇ. 1950ರ ದಶಕದಲ್ಲಿ ಅವರ ರೇಸರ್ ಅನ್ನೋ ಮಾಡೆಲ್ ಬಂದ ಮೇಲೆ ಫ್ರೆಂಚ್ ಸೈಕಲ್‌ಗಳಲ್ಲಿ ಎಲ್ಲಿ ನೋಡಿದ್ರೂ ಅದೇ. ಇಂಥ ಜಾತಿಗೆ ಸೆಂಟರ್ ಪುಲ್ ಅಂತಾರೆ, ಎಳೆತ ನಡುವಿಂದ ಬರೋದ್ರಿಂದ ಎರಡು ಕಡೆ ರಬ್ಬರೂ ಸಮವಾಗಿ ಒತ್ತುತ್ತೆ.

ಈ ಮಫಾಕ್ ಬಗ್ಗೆ ಇರೋ ದೊಡ್ಡ ದೂರು ಅಂದ್ರೆ ಕಿರುಚೋದು. ಬ್ರೇಕ್ ಹಿಡಿದ್ರೆ ಬೀದಿಗೆಲ್ಲಾ ಕೇಳ್ಸುತ್ತೆ, ಅದಕ್ಕೇ ಎಷ್ಟೋ ಜನ ತೆಗೆಸಿಬಿಡ್ತಾರೆ. ಮದ್ದು ಬ್ರೇಕಲ್ಲೇ ಇದೆ ಕಣ್ರೀ. ರಬ್ಬರ್ ಹಿಡಿದಿರೋ ಕಡ್ಡೀನ ಬಿಗಿ ಮಾಡೋಕೆ ತೂತಿರೋ ಒಂದು ಬೋಲ್ಟ್ ಇರುತ್ತೆ, ಅದನ್ನ ಸಡಿಲ ಮಾಡಿ ಸ್ವಲ್ಪ ತಿರುಗಿಸಿದ್ರೆ ರಬ್ಬರು ಯಾವ ಕೋನಕ್ಕೆ ಬೇಕೋ ಆ ಕೋನಕ್ಕೆ ಬರುತ್ತೆ. ರಬ್ಬರಿನ ಮುಂದಿನ ತುದಿ ರಿಮ್ಮಿಗೆ ಮೊದಲು ತಾಗಬೇಕು, ಹಿಂದಿನ ತುದಿ ಕೂದಲೆಳೆಯಷ್ಟು ಆಚೆ. ಆ ಹುಡುಗನ ಸೈಕಲ್ಲಿಗೆ ಹೊಸ ರಬ್ಬರ್ ಹಾಕಿ ಹೀಗೆ ಕೂರಿಸಿದ ಮೇಲೆ ಸದ್ದಿಲ್ಲ.

ಗುರುತು ಹಿಡಿಯೋಕೆ ಮೊದಲು ನೋಡ್ಬೇಕಾದ್ದು ಹೆಸರಲ್ಲ, ಹೆಸರು ಎಷ್ಟೋ ಸಲ ಅಳಿಸಿಹೋಗಿರುತ್ತೆ, ಕೇಬಲ್ ಎಲ್ಲಿಂದ ಬಂದು ಯಾವುದನ್ನ ಎಳೆಯುತ್ತೆ ಅನ್ನೋದನ್ನ ನೋಡಿ. ಒಂದೇ ಬೋಲ್ಟಲ್ಲಿ ಎರಡೂ ಕೈ ಕೂತು ಕೇಬಲ್ ಪಕ್ಕದಿಂದ ಬಂದ್ರೆ ಮಾಮೂಲಿ ಸೈಡ್ ಪುಲ್. ಪಕ್ಕದಿಂದಾನೇ ಬಂದು, ಕೈಗಳು ಮಾತ್ರ ಎರಡು ಬೇರೆ ಜಾಗದಲ್ಲಿ ತಿರುಗ್ತಿದ್ರೆ ಡ್ಯುಯಲ್ ಪಿವಟ್, ಇದು ಜಪಾನಿನ ಶಿಮಾನೋ ಕಂಪನಿಯವರು 1990ರ ಸುಮಾರಿಗೆ ಎಲ್ಲಾ ಕಡೆ ಹಬ್ಬಿಸಿದ್ದು, ಹಾಗಾಗಿ ಹಳೇ ಸೈಕಲ್ಲಲ್ಲಿ ಕಂಡ್ರೆ ಯಾರೋ ಆಮೇಲೆ ಹಾಕಿಸಿದ್ದು ಅನ್ಕೋತೀವಿ. ಆದ್ರೆ ಜರ್ಮನಿಯ ಆಲ್ಟೆನ್‌ಬರ್ಗರ್ ಕಂಪನಿಯವರು ಸಿಂಕ್ರಾನ್ ಅಂತ ಇದೇ ಉಪಾಯದ ಬ್ರೇಕನ್ನ 1960ರ ದಶಕದಲ್ಲೇ ಮಾಡಿದ್ರು. ಹಿಡಿತ ಅಷ್ಟಕ್ಕಷ್ಟೇ, ಕೈ ಬಳುಕುತ್ತೆ, ಆದ್ರೂ ನಂಗೆ ಅದನ್ನ ಕಂಡ್ರೆ ಅಚ್ಚುಮೆಚ್ಚು, ಆ ಕಾಲಕ್ಕೇ ಅಷ್ಟು ಮುಂದಕ್ಕೆ ಯೋಚಿಸಿದ್ರಲ್ಲ ಅಂತ.

ಇನ್ನು ಕೈಗಳೇ ಕಾಣದೆ ಮುಂದೆ ತ್ರಿಕೋನದ ಹಾಗೆ ನುಣ್ಣನೆ ಮುಚ್ಚಳ ಇದ್ರೆ ದಮ್ಮಯ್ಯ ಯಾರೂ ಕೈ ಹಾಕ್ಬೇಡಿ, ಅದು ಇಟಲಿಯ ಕ್ಯಾಂಪಾಗ್ನೋಲೋ ಡೆಲ್ಟಾ ಆಗಿರ್ಬಹುದು. 1985ರಲ್ಲಿ ಬಂತು, ಸ್ವಲ್ಪ ಕಾಲಕ್ಕೇ ಕಂಪನಿಯವರೇ ವಾಪಸ್ ತರಿಸ್ಕೊಂಡು ತಿದ್ದಿ ಮತ್ತೆ ಬಿಟ್ರು. ಮುಚ್ಚಳದೊಳಗೆ ನಾಲ್ಕು ಪಟ್ಟಿ ಸೇರಿಸಿದ ಒಂದು ಚೌಕಟ್ಟಿದೆ, ಕೇಬಲ್ ಮೇಲಕ್ಕೆ ಎಳೆದಾಗ ಅದು ಚಪ್ಪಟೆಯಾಗ್ತಾ ಅಗಲ ಆಗುತ್ತೆ, ಕೈಗಳ ಮೇಲ್ತುದಿ ಆಚೆಗೆ ಹೋಗಿ ಕೆಳಗೆ ರಬ್ಬರು ರಿಮ್ಮಿಗೆ ಬರುತ್ತೆ. ಒಳಗೆ ವೈರ್ ಬಿಗಿ ಮಾಡೋಕೆ 3.5 ಎಂ.ಎಂ. ಅಲೆನ್ ಕೀ (ಆರು ಮೂಲೆಯ ಕೀಲಿ) ಬೇಕು, ಮಾಮೂಲಿ ಸೆಟ್ಟಲ್ಲಿ 3 ಇರುತ್ತೆ 4 ಇರುತ್ತೆ, ಇದೊಂದು ಇರಲ್ಲ, ಹತ್ತಿರದ್ದು ಯಾವ್ದೋ ತುರುಕಿ ತಿರುಗಿಸಿದ್ರೆ ಬೋಲ್ಟ್ ತಲೆ ಸವೆದು ಕೆಲಸ ಕೆಡುತ್ತೆ. ನಿಲ್ಲಿಸೋ ಶಕ್ತೀಲಿ ಅದು ಅದೇ ಕಂಪನಿಯ ಮಾಮೂಲಿ ಸೈಡ್ ಪುಲ್ಲಿಗಿಂತ ಕಮ್ಮಿ ಅಂತಾನೇ ನನ್ನ ಅಭಿಪ್ರಾಯ, ಆದ್ರೆ ಸಂಗ್ರಹ ಮಾಡೋರು ಒಳ್ಳೇ ರೇಟು ಕೊಟ್ಟು ಹುಡುಕೋ ಸಾಮಾನು, ಕೇಜಿ ಲೆಕ್ಕದಲ್ಲಿ ಗುಜರಿಗೆ ಹೋಗ್ಬಾರ್ದು.

ಅಂಕಿ ಅಕ್ಷರ ಕಂಡ್ರೆ ಅದನ್ನೂ ಬರೆದಿಟ್ಕೊಳ್ಳಿ. ವೈನ್‌ಮನ್ ಅನ್ನೋ ಕಂಪನಿಯ ಸೆಂಟರ್ ಪುಲ್ ಮೇಲೆ 610, 750 ಅಂತಿರುತ್ತೆ, ಇಸವಿನೂ ಅಲ್ಲ ಸೀರಿಯಲ್ ನಂಬರೂ ಅಲ್ಲ, ಬ್ರೇಕ್ ಕೂರಿಸೋ ಬೋಲ್ಟಿಂದ ರಬ್ಬರು ಹೆಚ್ಚು ಅಂದ್ರೆ ಎಷ್ಟು ಕೆಳಗಿನವರೆಗೆ ಮುಟ್ಟುತ್ತೆ ಅನ್ನೋ ಅಳತೆ, 61 ಎಂ.ಎಂ., 75 ಎಂ.ಎಂ. ಮುಂದೆ 610 ಹಿಂದೆ 750 ಇದ್ರೆ ಜೋಡಿ ತಪ್ಪಿದೆ ಅನ್ಕೋಬೇಡಿ, ಫ್ಯಾಕ್ಟರೀಲೇ ಹಾಗೆ ಹಾಕ್ತಿದ್ರು. ಹಳೇ ಶಿಮಾನೋ ಸಾಮಾನಿನ ಹಿಂದೆ ಎರಡು ಇಂಗ್ಲಿಷ್ ಅಕ್ಷರ ಕೊರೆದಿರ್ತಾರೆ, ಮೊದಲನೇದು ವರ್ಷ, ಎ ಅಂದ್ರೆ 1976, ಬಿ ಅಂದ್ರೆ 1977, ಎರಡನೇದು ತಿಂಗಳು.

ಹೊಸ ಸೆಟ್ ಹಾಕಿಸಿದ್ರೆ ಕಷ್ಟ ಶುರುವಾಗೋದು ಈ ಅಳತೇಲೇ. ಈಗಿನ ರೇಸಿಂಗ್ ಬ್ರೇಕು ಸಾಮಾನ್ಯವಾಗಿ 39ರಿಂದ 49 ಎಂ.ಎಂ. ಒಳಗೇ ಮುಟ್ಟೋದು. ಹಳೇ ಫ್ರೇಮಲ್ಲಿ ಮಡ್‌ಗಾರ್ಡಿಗೆ ಅಂತ ಜಾಗ ಬಿಟ್ಟಿರ್ತಾರೆ, ಬೋಲ್ಟಿಂದ ರಿಮ್ಮಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ದೂರ. ರಬ್ಬರು ರಿಮ್ ಬಿಟ್ಟು ಟೈರ್ ಮೇಲೆ ಕೂರುತ್ತೆ, ಇಳಿಜಾರಲ್ಲಿ ಟೈರ್ ಕೊಯ್ದುಹೋದ್ರೆ ಏನು ಗತಿ? 27 ಇಂಚಿನ ಚಕ್ರ ತೆಗೆದು ಅದಕ್ಕಿಂತ ಸ್ವಲ್ಪ ಚಿಕ್ಕದಾದ, 700ಸಿ ಅನ್ನೋ ಅಳತೆಯ ಚಕ್ರ ಹಾಕಿದ್ರಂತೂ ರಿಮ್ಮು ಇನ್ನೂ 4 ಎಂ.ಎಂ. ದೂರ ಹೋಗುತ್ತೆ. ಮೇಲಾಗಿ ಹೊಸ ಬ್ರೇಕಿನ ಬೋಲ್ಟು ಒಳಗೆ ಹುದುಗೋ ಅಲೆನ್ ನಟ್ಟಿನದು, ಹಳೇ ಫೋರ್ಕಿಗೆ, ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಕವೆಗೆ, ಅದನ್ನ ಕೂರಿಸೋಕೆ ತೂತು ದೊಡ್ಡದು ಮಾಡ್ತಾರೆ, ಒಂದ್ಸಲ ಡ್ರಿಲ್ ಹಾಕಿದ ಮೇಲೆ ಫೋರ್ಕು ಮೊದಲಿನ ಹಾಗೆ ಆಗಲ್ಲ.

ಮಳೇಲಿ ಹಿಡಿಯಲ್ಲ ಅನ್ನೋ ದೂರೂ ಬ್ರೇಕಿನ ಮೇಲೇ ಬರುತ್ತೆ. ನಿಮ್ದು ಕ್ರೋಮ್ ಹಾಕಿದ ಸ್ಟೀಲ್ ರಿಮ್ ಆದ್ರೆ ಒದ್ದೆಯಾದಾಗ ಯಾವ ಬ್ರೇಕ್ ಹಾಕಿದ್ರೂ ಜಾರುತ್ತೆ, ಅಲ್ಯುಮಿನಿಯಂ ರಿಮ್ ಹಾಕಿಸಿ ನೋಡಿ, ಅದೇ ಹಳೇ ಬ್ರೇಕು ಚೆನ್ನಾಗಿ ಕಚ್ಚುತ್ತೆ.

ಹಳೇದು ಅಂತ ಹಾಗೇ ಹತ್ತಿ ಹೊರಡಿ ಅಂತಾನೂ ನಾನು ಹೇಳ್ತಿಲ್ಲ. ಕೇಬಲ್ಲು, ರಬ್ಬರು ಕಡ್ಡಾಯವಾಗಿ ಹೊಸದಾಗ್ಬೇಕು, ಕೈಗಳಲ್ಲಿ ಬೋಲ್ಟಿನ ತೂತಿನ ಸುತ್ತ ಬಿರುಕು ಇದೆಯಾ ಅಂತ ಬಿಸಿಲಲ್ಲಿ ಹಿಡಿದು ನೋಡ್ಬೇಕು, ಬಿರುಕು ಕಂಡ್ರೆ ಎಷ್ಟೇ ಅಪರೂಪದ್ದಾದ್ರೂ ರಸ್ತೆಗೆ ಬೇಡ.

ಕೊನೇದಾಗಿ ಪತ್ರಿಕೆಯವರಿಗೆ ಒಂದು ಕೋರಿಕೆ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಸೈಕಲ್ ಪಕ್ಕ ನಿಂತ ಮಾಲೀಕರ ಫೋಟೋ ಜೊತೆಗೆ ಮುಂದಿನ ಬ್ರೇಕಿನ ಒಂದು ಹತ್ತಿರದ ಫೋಟೋನೂ ಹಾಕಿ, ಎದುರಿಂದ ಒಂದು, ಹಿಂದಿನಿಂದ ಒಂದು, ಕೇಬಲ್ ಪೂರ್ತಿ ಕಾಣೋ ಹಾಗೆ. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ರೇಸಿಗೆ ದೊಡ್ಡ ಹೆಸರಿದೆ, ಅಲ್ಲಿನ ಹಳೇ ರೇಸರ್‌ಗಳ ಮನೇಲಿ ಇಂಥ ಸಾಮಾನು ಖಂಡಿತ ಇರುತ್ತೆ, ಅವರನ್ನೂ ಮಾತಾಡ್ಸಿ ಬರೀರಿ.

ಇಂತಿ,
ನಿಮ್ಮ ಓದುಗ, ಮೈಸೂರು